ಅಳತಿ ವಹಿ

ಖಡೇಬಜಾರದಾಗ ನನ್ನ ಅಂಗಡಿ ಕಟ್ಟೀ ಮ್ಯಾಲೆ
ಆಯಿತವಾರ ಸಂಜೀಕ ಇಬ್ಬರು ಮುದುಕರು ಜಗಳಾಡತಾರ.
ಒಬ್ಬಾಂವ ಸುಭೇದಾರ ಭರಮಾ ಕಿಣೇಕರ:
ಮೂಗು ಮೂರು ಸಲ ಮುರದೈತಿ, ಮೂರೂ ಸಲ
ಬ್ಯಾರೆ ಬ್ಯಾರೆ ದಿಕ್ಕಿಗೆ ಕೂಡೇತಿ.
ಇನ್ನೊಬ್ಬಾಂವ ಆಂತೋನ ಬಾರ್ದೇಸ್ಕರ, ಕ್ಯಾಂಪಿನ ಸಾಲಿಯ ಪೀಟಿ ಮಾಸ್ತರ.
ರಿಟೈರ್ ಆಗಿ ಹನ್ನೆರಡು ವರ್ಷ, ಸೀಟಿ ಇನ್ನೂ ಕೊರಳಾಗ ಐತಿ.

ಆಸ್ತಿ ಜಗಳ ಅಲ್ಲ. ಗಡಿ ಜಗಳಾನೂ ಅಲ್ಲ.
ದೇಶದ ರಗ್ಬಿ ತಂಡ ಆರಸೂದು. ಹದಿನೈದು ಮಂದಿ,
ಎಲ್ಲಾ ಕಾಲಕ್ಕೂ ಇವರ ಸೈ ಅನ್ನೂವಂಥಾವರು,
ಸತ್ತವರು ಇದ್ದವರು ಕೂಡೇ ಒಂದ ಮೈದಾನದಾಗ.
ನನ್ನ ಖಡು ಎತ್ತಿಕೊಂಡು ಕಟ್ಟೀ ಕಲ್ಲಿನ ಮ್ಯಾಲೆ ಬರೀತಾರ,
ಅಂಗೈಲೆ ಒರಸ್ತಾರ, ಮತ್ತ ಬರೀತಾರ.
ಹದಿನಾಲ್ಕನೇ ಹೆಸರಿಗೆ ಚಾ ಆರತೈತಿ.
ಹದಿನೈದನೇದು ಈ ಜನ್ಮದಾಗ ಬಂದಿಲ್ಲ.

ನನ್ನ ಯಾರೂ ಕೇಳೂದಿಲ್ಲ.
ಆದರ ಅವರ ಅಂಗಿ ಹೊಲದಾಕಿ ನಾನು,
ಮೊದಲು ನಮ್ಮಪ್ಪ, ಆಮ್ಯಾಲೆ ನಾನು.
ಒಂದ ಆಟಾನೂ ನೋಡಿಲ್ಲ.
ಚೆಂಡು ಒಮ್ಮೆ ಕಂಡಿದ್ದೆ, ಹೊಲಿಗಿ ಬಿಚ್ಚೇತಂತ ತಂದಿದ್ದರು:
ನೆಲಕ್ಕ ಬಿಟ್ಟರ ಎತ್ತ ಪುಟೀತೈತೋ ಹೇಳಾಕ ಬರಂಗಿಲ್ಲ,
ಉದ್ರಿ ಗಿರಾಕಿ ಇದ್ದಂಗ.

ನನ್ನ ಕಡೆ ವಹಿ ಐತಿ.
ಎದಿ, ಭುಜ, ತೋಳು, ಕೊರಳು.
ಪಿರಾಜಿ ಮಣ್ಣೂರಕರ, ಎದಿ ನಲವತ್ತೆಂಟು.
ಕೊರಳಿನ ಮನ್ಯಾಗ ಅಪ್ಪ ಬರದಾನ: “ಸಿಗಲಿಲ್ಲ.”

ಅಳತಿ ಬಿಡ್ರಿ, ಹರಕು ಹೇಳತಾವ ಖರೇ ಸುದ್ದಿ.
ಬೆನ್ನ ಮ್ಯಾಲೆ ಹರದಿದ್ದರ, ಓಡೂವಾಗ ಯಾರೋ ಹಿಡದಾರ.
ಬಲಭುಜ ಹರದಿದ್ದರ, ತಾನಾಗೇ ಹೋಗಿ ಡಿಕ್ಕಿ ಹೊಡದಾನ.
ಎರಡೂ ಬಗಲು ಕೂಡೇ ಬಿಚ್ಚಿದ್ದರ
ಅಂವ ನಡುವ ನಿಂತಾಂವ, ಎಡಕ್ಕೊಬ್ಬ ಬಲಕ್ಕೊಬ್ಬ
ಅವನ ಹೆಗಲಿಗೆ ಜೋತುಬಿದ್ದು ನೂಕ್ಯಾರ.
ಪಿರಾಜಿಯ ಬಗಲು ಹನ್ನೊಂದು ಸಲ ಹೊಲದೇನಿ. ಅಂವ ಬೇಕು.

ಒಡಿಶಾದಿಂದ ಬಂದಿದ್ದ ಬುಧುವಾ ಕಿಂಡೋ ಬೇಕು.
ಎಡತೋಳು ಒಂದಿಂಚು ಗಿಡ್ಡ, ಮುರದು ಕೂಡಿದ್ದು.
“ಎರಡೂ ಸಮ ಬರೀರಿ” ಅಂತ ಅಪ್ಪನ ಕೈ ಹಿಡದಿದ್ದ.
ಬರಿಯೂದು ಸಮ ಬರದಿವಿ. ಹೊಲಿಯೂದು ಗಿಡ್ಡ ಹೊಲದಿವಿ.

ಸಿದ್ರಾಯಿ ಕಡೋಲಕರ.
ಕಾಲರು ಪ್ರತಿ ಸಲ ಹಲ್ಲಿಲೆ ಕಡದದ್ದು, ಅವನವೇ ಹಲ್ಲು.
ಅಂಜಿಕಿ ಇದ್ದಾಂವ. ಅಂಜಿಕೊಂತನ ಹೋದಾಂವ.
ಸುಭೇದಾರನ ಯಾದ್ಯಾಗ ಇವನ ಹೆಸರಿಲ್ಲ,
ನನ್ನ ಯಾದ್ಯಾಗ ಮೊದಲನೇದು.

ಹಿಂಗ ಹದಿನಾಲ್ಕು ಆದವು, ಕಾಜಾ ತಗಿಯೂದರಾಗ.

ಆಮ್ಯಾಲೆ ಒಂದ ಪುಟ: ಯಲ್ಲಪ್ಪ ಹುದಲಿ, ಎದಿ ಮೂವತ್ತಾರು.
ಮೂರು ವರ್ಷ, ಒಂದ ಎಳೀನೂ ಬಿಚ್ಚಿಲ್ಲ ಅವನ ಅಂಗೀದು.
ಮಾಸ್ತರನ್ನ ಕೇಳಿದೆ. “ಯಾಂವ ಹುದಲಿ?”
ಸುಭೇದಾರನ್ನ ಕೇಳಿದೆ. “ಯಾಂವ ಹುದಲಿ?”
ಇಪ್ಪತ್ತು ವರ್ಷದಾಗ ಮೊದಲನೇ ಸಲ ಇಬ್ಬರೂ ಒಪ್ಪಿದರು.

ನನಗ ನೆನಪೈತಿ.
ಸೋಮವಾರ ಮುಂಜಾನೆ ಸೈಕಲ್ಲಿನ ಮ್ಯಾಲೆ ಗೋಣಿಚೀಲ,
ಎಲ್ಲಾರ ಹರಕು ಅಂಗಿ ತೊಳದು, ಹರದಲ್ಲಿ ಪಿನ್ನು ಚುಚ್ಚಿ,
ಒಂದೊಂದಕ್ಕೂ ಚೀಟಿ: ಇದು ಯಾರದು, ಯಾವ ಆಟದ್ದು.
ತನ್ನದೂ ಅದರಾಗ ಇರತಿತ್ತು, ಚೀಟಿ ಇಲ್ಲದ, ಇಸ್ತ್ರಿ ಮುರೀಲಾರದ.
ಯಾರ ಕೈಗೂ ಸಿಗದ ಹಂಗ ಓಡತಿದ್ದನೋ,
ಯಾರೂ ಮೈದಾನಕ್ಕ ಕರೀಲೇ ಇಲ್ಲೋ,
ಅಂಗಿ ಹೇಳೂದಿಲ್ಲ. ನಾನೂ ಕೇಳಲಿಲ್ಲ ಆವಾಗ.
ಗುಂಡಿ ಎಣಿಸಿ ಕೊಡತಿದ್ದೆ, ಸೈಕಲ್ಲು ಹತ್ತಿ ಹೋಗತಿದ್ದ.

ಅವರು ಚಾಕ್ಕ ಕೂಗೂದರಾಗ
ಕಟ್ಟೀ ಮ್ಯಾಲೆ ಖಡೂಲೆ ದಪ್ಪಗ ಬರದೆ: ೧೫. ಹುದಲಿ.
ಸುಭೇದಾರ ನೋಡದನ ಬಂದು ಅದರ ಮ್ಯಾಲೇ ಕುಂತ.

ದೀಪ ಹಚ್ಚೂ ಹೊತ್ತಿಗೆ ಎದ್ದು ಹೋದ, ಬೈಕೊಂತ.
ಕರೇ ಪ್ಯಾಂಟಿನ ಹಿಂದ ಬೆಳ್ಳಗ, ತಿರುವಮುರುವ,
ಹೆಸರು ನಡಕೊಂತ ಹೊಂಟಿತ್ತು ಕ್ಯಾಂಪಿನ ಕಡೆ.
ನಾ ಕರೀಲಿಲ್ಲ.